ಎಸ್ತೇರಳಿಗೂ ಅಂಜಿಕೆಯಿತ್ತು

ಎಸ್ತೇರಳ ಗ್ರಂಥದ 4ನೇ ಅಧ್ಯಾಯ ಓದಿ. ಕರೆಯದೆ ರಾಜನ ಬಳಿ ಹೋದವರಿಗೆ ಮರಣದಂಡನೆ. ಅವಳಿಗೆ 30 ದಿನಗಳಿಂದ ಕರೆಯಿರಲಿಲ್ಲ. ರಾಣಿಯಾದರೂ ಹಿಂಜರಿದಳು. ಆಮೇಲೆ, ನನಗಾಗಿ ಎಲ್ಲರೂ ಮೂರು ದಿನ ಉಪವಾಸವಿರಿ ಎಂದು ತನ್ನ ಜನರನ್ನು ಕೇಳಿಕೊಂಡಳು. ನಮ್ಮ ಕಥೋಲಿಕ ಬೈಬಲಿನ ಗ್ರೀಕ್ ಭಾಗದಲ್ಲಂತೂ ರಾಜನೆದುರು ಮೂರ್ಛೆ ಹೋಗುತ್ತಾಳೆ. ಆದರೂ ಕೆಲಸ ಸಾಧಿಸಿದಳು.

ಇಚಲಕರಂಜಿ, ಗಡಹಿಂಗ್ಲಜದ ನಮ್ಮ ಅಕ್ಕತಂಗಿಯರ ಅಂಜಿಕೆ ಎರಡು: ‘ನನ್ನ ಮರಾಠಿ ಛಲೋ ಇಲ್ಲ’, ‘ವಯಸ್ಸಾತು’. ಎರಡನೆಯದಕ್ಕೆ ಕೊಲ್ಹಾಪುರದ ತೇಜಸ್ವಿನಿ ಸಾವಂತ್ ಅವರನ್ನು ನೋಡಿ. 2010ರಲ್ಲಿ ಶೂಟಿಂಗ್ ವಿಶ್ವ ಚಾಂಪಿಯನ್ ಆದರು. ಮೊದಲ ಒಲಿಂಪಿಕ್ಸ್ ಆಡಿದ್ದು 2021ರಲ್ಲಿ, 40ನೇ ವಯಸ್ಸಿನಲ್ಲಿ.

ಮರಾಠಿಗೆ ಎಸ್ತೇರಳ ದಾರಿಯೇ ಸರಿ, ಜೊತೆ ಕೇಳುವುದು. ಭಾನುವಾರ ಪೂಜೆಯ ನಂತರ ಇಬ್ಬಿಬ್ಬರಾಗಿ ಕುಳಿತು ಇಂಟರ್‌ವ್ಯೂ ಮಾತು ರೂಢಿ ಮಾಡೋಣ. ಮರಾಠಿ ಬಲ್ಲ ಹಿರಿಯರೂ ಬನ್ನಿ.