‘ಆರಾಮ ಅದೀನಿ’ ಅನ್ನುವ ಮೊದಲು: ಹಿರಿಯರಿಗೆ ಆರು ಸೂತ್ರ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಶಿರವಾಳ ಹಳೆಯ ಗುಡಿಗಳ ಊರು. ಅಲ್ಲಿ ಕಟ್ಟೆಯ ಮೇಲೆ ಕೂತವರನ್ನು ‘ಮುತ್ಯಾ, ಆರಾಮ ಅದೀರೇನ್ರಿ?’ ಎಂದು ಕೇಳಿ ನೋಡಿ. ‘ವಯಸ್ಸಾತಲ್ಲಪ್ಪ, ನಡೀತದ’ ಅಂತಾರೆ. ಆ ಉತ್ತರದಲ್ಲೇ ಅರ್ಧ ಕಾಯಿಲೆ ಮುಚ್ಚಿಹೋಗುತ್ತದೆ.

1. ಕೇಳಿದಾಗ ಇದ್ದದ್ದು ಹೇಳಿ. ಐಡ್ಲರ್ ಮತ್ತು ಬೆನ್ಯಾಮಿನಿ ಎಂಬ ಸಂಶೋಧಕರು 1997ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ‘ನನ್ನ ಆರೋಗ್ಯ ಸರಿಯಿಲ್ಲ’ ಎಂದವರಿಗೆ ಸಾವಿನ ಅಪಾಯ ಹೆಚ್ಚೆಂದು ಬಹುತೇಕ ಎಲ್ಲವೂ ಹೇಳಿದ್ದವು. ನಿಮ್ಮ ಮೈಯ ಸುದ್ದಿ ನಿಮಗೇ ಮೊದಲು ಗೊತ್ತು.

2. ಹಾಗಂತ ನಿಮ್ಮ ಅನಿಸಿಕೆಯನ್ನೇ ಪೂರ್ತಿ ನೆಚ್ಚಬೇಡಿ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ತೋರಿಸಿದ ವಿಚಿತ್ರ ಇದು: ಹೆಚ್ಚು ಕಾಲ ಬದುಕುವ ಕೇರಳದವರೇ ‘ಕಾಯಿಲೆ ಇದೆ’ ಎಂದು ಹೆಚ್ಚು ಹೇಳುತ್ತಾರೆ, ಬಿಹಾರದವರು ಕಡಿಮೆ. ಓದು, ದವಾಖಾನೆ ಎರಡೂ ದೂರವಿದ್ದಲ್ಲಿ ನೋವೂ ಮಾಮೂಲಿ ಎನಿಸಿಬಿಡುತ್ತದೆ. ನಮ್ಮ ಯಾದಗಿರಿ ಕಡೆ ಈ ಮಾತು ಚುಚ್ಚಬೇಕು.

3. ಬಿ.ಪಿ., ಶುಗರ್ ಅಳೆಸಿ. ಎರಡೂ ಸದ್ದಿಲ್ಲದೆ ಬರುತ್ತವೆ. ಬಿ.ಪಿ. 140/90 ದಾಟಿದ್ದರೆ ಇನ್ನೊಂದು ದಿನ ಮತ್ತೆ ನೋಡಿಸಿ. ಆರಾಮ ಅನ್ನಿಸಿತೆಂದು ಗುಳಿಗೆ ಬಿಡುವುದು ನಮ್ಮ ಊರುಗಳ ದೊಡ್ಡ ತಪ್ಪು.

4. ವಯಸ್ಸಿನ ಮೇಲೆ ಎಲ್ಲ ಹೊರೆ ಹಾಕಬೇಡಿ. ತೊಗರಿಬೇಳೆ ಹಸನು ಮಾಡುವ ಆಯಿಗೆ ಹಳ್ಳು ಕಾಣದಾಯಿತೆನ್ನಿ. ಮೊರ ಬಿಸಿಲಿಗೆ ಹಿಡಿಯುತ್ತಾಳೆ, ಬೆರಳಲ್ಲಿ ತಡವುತ್ತಾಳೆ, ಕೊನೆಗೆ ಸೊಸೆಗೆ ಕೊಟ್ಟು ಸುಮ್ಮನಾಗುತ್ತಾಳೆ. ಅದು ಕಣ್ಣಿನ ಪೊರೆ ಇರಬಹುದು; ಸಣ್ಣ ಆಪರೇಷನ್ನಿನಿಂದ ಹೋಗುತ್ತದೆ, ಸರ್ಕಾರಿ ದವಾಖಾನೆಯಲ್ಲಿ ದುಡ್ಡೂ ಬೇಡ. ಕಿವಿ ಮಂದವಾದರೂ ಅಷ್ಟೇ: ತೋರಿಸದೆ ‘ಮುಪ್ಪು’ ಎನ್ನಬೇಡಿ.

5. ಹಲ್ಲು ಹೋದವರು ರೊಟ್ಟಿ ಬಿಟ್ಟು ಬರೀ ಅನ್ನ-ಸಾರಿಗೆ ಇಳಿಯುತ್ತಾರೆ. ಜೋಳದ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಸಿ ಉಣ್ಣಿ. ದಿನಾ ನಡೆಯಿರಿ, ಬ್ಯಾಸಗಿಯಲ್ಲಿ ಮಾತ್ರ ಬಿಸಿಲೇರುವ ಮುಂಚೆ.

6. ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಳ್ಳಿ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ಅರ್ಜಿ ಹಾಕಿರದಿದ್ದರೆ ನಾಡಕಚೇರಿಗೆ ಹೋಗಿ. ಮಗನ ಮುಂದೆ ಕೈ ಚಾಚಬೇಕಲ್ಲ ಎಂದೇ ದವಾಖಾನೆ ಮುಂದೂಡುವವರು ಎಷ್ಟೋ ಮಂದಿ.

ದುಡಿಯಲು ಬೆಂಗಳೂರಿಗೆ ಹೋದ ಮಕ್ಕಳೇ, ಫೋನಿನಲ್ಲಿ ‘ಆರಾಮೇನು?’ ಎಂದಷ್ಟೇ ಕೇಳಬೇಡಿ. ‘ಗುಳಿಗೆ ತಗೊಂಡ್ಯಾ? ಕಣ್ಣು ತೋರಿಸಿದ್ಯಾ?’ ಎಂದು ಕೇಳಿ. ಯಾರೂ ಇಲ್ಲದ ಹಿರಿಯರಿಗೆ ಸಹಾಯವಾಣಿ 14567 ಇದೆ. ಆ ನಂಬರ್ ಬರೆದು ಗೋಡೆಗೆ ಅಂಟಿಸಿಕೊಡಿ.