ದೂರ ಅಳೆಯುವ ದುರ್ಬೀನು ಕೊಳ್ಳುವ ಮುನ್ನ

ಅಮೆರಿಕದ ಕೊಲರಾಡೊ ಬೆಟ್ಟಗಳಲ್ಲಿ ಎಲ್ಕ್ ಬೇಟೆಗೆ ಹೋಗಲು ಶುರುಮಾಡಿ ಹನ್ನೆರಡು ವರ್ಷವಾಯಿತು. ಎಲ್ಕ್ ನಮ್ಮ ಮಲೆನಾಡಿನ ಕಡವೆಯ ಬಳಗದ್ದೇ, ಮೈಕಟ್ಟು ಇನ್ನೂ ದೊಡ್ಡದು. ಇಲ್ಲಿಗೆ ಹೊಸದಾಗಿ ಬಂದ ನಮ್ಮವರು, ಬೇಟೆಯ ಲೈಸೆನ್ಸ್ ಕೈಗೆ ಬಂದೊಡನೆ, ಯಾವ ದುರ್ಬೀನು ಕೊಳ್ಳಲಿ ಎಂದು ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಬರೆದಿದ್ದೇನೆ.

1. ಮೊದಲು ಗಾಜು, ಆಮೇಲೆ ಲೇಸರ್. ಬೆಟ್ಟದಲ್ಲಿ ದಿನಕ್ಕೆ ಐದಾರು ಗಂಟೆ ಕಣ್ಣಿಗೆ ದುರ್ಬೀನು ಹಿಡಿದೇ ಕೂತಿರುತ್ತೇವೆ. ಲೇಸರ್ ಗುಂಡಿ ಒತ್ತುವುದು ನಾಲ್ಕೈದು ಸಲ ಮಾತ್ರ.

2. ಚಿಕ್ಕದು ಬೇಕೆಂದರೆ 8×32 ತೆಗೆದುಕೊಳ್ಳಿ, 10×32 ಬೇಡ. ಮುಂದಿನ ಗಾಜಿನ ಅಗಲವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ ಎಷ್ಟಗಲ ಎಂದು ಗೊತ್ತಾಗುತ್ತದೆ. 8×32ರಲ್ಲಿ 4 ಮಿ.ಮೀ., 10×32ರಲ್ಲಿ 3.2. ವೃತ್ತ ಅಗಲವಾದಷ್ಟೂ ಮಬ್ಬು ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಇಲ್ಲಿ ಸೂರ್ಯ ಮುಳುಗಿದ ಅರ್ಧ ಗಂಟೆಯವರೆಗೂ ಗುಂಡು ಹಾರಿಸಲು ಕಾನೂನು ಬಿಡುತ್ತದೆ; ಎಲ್ಕ್ ಮರಗಳ ಮರೆಯಿಂದ ಹೊರಬರುವುದೂ ಆಗಲೇ. 10×42ರಲ್ಲಿ 4.2 ಸಿಗುತ್ತದೆ, ಆದರೆ ಅದರ ತೂಕ ಕಿಲೋ ಹತ್ತಿರ. ಏರು ಹತ್ತುವಾಗ ನೂರು ಗ್ರಾಂ ಕಡಿಮೆಯಾದರೂ ಕುತ್ತಿಗೆಗೆ ತಿಳಿಯುತ್ತದೆ.

3. ಡಬ್ಬದ ಮೇಲಿನ 2000 ಗಜವನ್ನು ನಂಬಿ ಕೊಳ್ಳಬೇಡಿ. ಅದು ಹೊಳೆಯುವ ಫಲಕಕ್ಕೆ ಹೇಳಿದ ಲೆಕ್ಕ. ಜಿಂಕೆಯ ತುಪ್ಪಳ ಅಷ್ಟು ಬೆಳಕನ್ನು ವಾಪಸ್ ಕಳಿಸುವುದಿಲ್ಲ. ಮಂಜು ಬಿದ್ದರೆ ಇನ್ನೂ ಕಷ್ಟ.

4. ಒಂದೇ ಅಳತೆಗೆ ಟ್ರಿಗರ್ ಮೇಲೆ ಬೆರಳಿಡಬೇಡಿ. ಮೂರನೇ ವರ್ಷ, ಅಕ್ಟೋಬರಿನ ಒಂದು ಸಂಜೆ, ಹಳ್ಳದ ಆಚೆ ಹೆಣ್ಣು ಎಲ್ಕ್ ಅಡ್ಡ ನಿಂತಿತ್ತು. ಗುಂಡಿ ಒತ್ತಿದೆ: 210 ಗಜ. ಯಾಕೋ ಕಣ್ಣು ಒಪ್ಪಲಿಲ್ಲ. ಮತ್ತೆ ಒತ್ತಿದೆ: 212. ಮಂಡಿಯೂರಿ, ದುರ್ಬೀನನ್ನು ಊರುಗೋಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಒತ್ತಿದಾಗ ಬಂದದ್ದು 338. ಮೊದಲೆರಡು ಸಲ ಅಳೆದದ್ದು ಈಚೆ ದಡದ ವಿಲ್ಲೋ ಪೊದೆಯನ್ನು. ಲೇಸರ್ ಕಿರಣ ಸೂಜಿಮೊನೆಯಲ್ಲ. 1 ಮಿಲಿರೇಡಿಯನ್ ಹರಡುವ ಕಿರಣ 400 ಗಜದಲ್ಲಿ ಸುಮಾರು 14 ಇಂಚು ಅಗಲವಾಗಿರುತ್ತದೆ. ನನ್ನ .30-06 ರೈಫಲ್ ಹೊಂದಿಸಿದ್ದು 200 ಗಜಕ್ಕೆ. 210 ಎಂದು ನಂಬಿ ಎದೆಗೆ ಗುರಿಯಿಟ್ಟಿದ್ದರೆ ಗುಂಡು ಒಂದಡಿ ಕೆಳಗೆ ಬಿದ್ದು ಕಾಲು ಮುರಿಯುತ್ತಿತ್ತು. ಆ ಪ್ರಾಣಿ ರಾತ್ರಿಯೆಲ್ಲ ನರಳುತ್ತಿತ್ತು. ಇವತ್ತಿಗೂ ನೆನೆದರೆ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಮುಂದಿನ ಪೊದೆಯನ್ನು ಬಿಟ್ಟು ಹಿಂದಿನ ಗುರಿಯ ದೂರ ತೋರಿಸುವ ಆಯ್ಕೆ ಇದೆಯೇ ಎಂದು ಕೇಳಿಯೇ ಕೊಳ್ಳಿ.

5. ಇಳಿಜಾರಿನ ಲೆಕ್ಕ ಹಾಕಿಕೊಡುವಂಥದ್ದೇ ಬೇಕು. 30 ಡಿಗ್ರಿ ಇಳಿಜಾರಿನಲ್ಲಿ ನೇರ ದೂರ 400 ಗಜ ಇದ್ದರೆ, ಗುರಿಯಿಡಬೇಕಾದದ್ದು ಸುಮಾರು 346 ಗಜಕ್ಕೆ.

6. ಬ್ಯಾಟರಿ ಚಳಿಗೆ ಸೋಲುತ್ತದೆ. ಇನ್ನೊಂದನ್ನು ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಅಂಕಿಗಳು ಕೆಂಪಗೆ ಹೊಳೆಯುವಂತಿರಲಿ. ಕಪ್ಪು ಅಂಕಿ ಮುಸ್ಸಂಜೆಯಲ್ಲಿ ಕಾಣುವುದಿಲ್ಲ.

7. ಊರಿಗೆ ಒಯ್ಯಲು ಇದನ್ನು ಕೊಳ್ಳಬೇಡಿ. ನಮ್ಮಲ್ಲಿ ವನ್ಯಜೀವಿ ಬೇಟೆಯನ್ನು 1972ರ ಕಾಯ್ದೆ ನಿಷೇಧಿಸಿದೆ, ಅದು ಸರಿಯೂ ಹೌದು. ನಾಗರಹೊಳೆಯ ಸಫಾರಿಗೆ ಲೇಸರ್ ಇಲ್ಲದ ಸಾಧಾರಣ 8×32 ಬೇಕಾದಷ್ಟಾಯಿತು, ದುಡ್ಡೂ ಉಳಿಯುತ್ತದೆ.

ಹಗಲಿನಲ್ಲಿ ಅಂಗಡಿಗೆ ಹೋಗಬೇಡಿ. ಸಂಜೆ ಹೋಗಿ, ದುರ್ಬೀನನ್ನು ಬಾಗಿಲಾಚೆ ತಂದು, ಬೀದಿಯ ಕೊನೆಯ ಮರದ ನೆರಳಿನೊಳಗೆ ನೋಡಿ. ಕೊಂಬೆಗಳು ಬಿಡಿಬಿಡಿಯಾಗಿ ಕಂಡರೆ ಮಾತ್ರ ಹಣ ಕೊಡಿ.