ಬಳ್ಳಾರಿ ಬಿಸಿಲಿಗೆ ಎರೆಹುಳು ತೊಟ್ಟಿ

ಸಂಗನಕಲ್ಲು, ಕುರುಗೋಡು, ಸಿರುಗುಪ್ಪ ಸುತ್ತಿನ ರೈತ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಹಿತ್ತಿಲು ಬರಿದಾಗುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ನೀರು ಬರುವುದು ನಿಂತಿರುತ್ತದೆ, ಕೊಳವೆಬಾವಿ ಸೊರಗಿರುತ್ತದೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ಎಕರೆಗಟ್ಟಲೆ ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದವರೇ ಏಪ್ರಿಲ್-ಮೇ ತಿಂಗಳಲ್ಲಿ ಒಂದು ಕಟ್ಟು ಕೊತ್ತಂಬರಿಗೂ ಸಂತೆ ಕಾಯಬೇಕು. ತಂದ ಸೊಪ್ಪಿಗೆ ಯಾವ ಔಷಧಿ ಎಷ್ಟು ಸಲ ಹೊಡೆದಿದ್ದಾರೋ ಕೇಳುವ ಹಾಗಿಲ್ಲ.

ತಳದಲ್ಲಿ ನೀರು ಹಿಡಿದಿಟ್ಟುಕೊಂಡು, ಗಿಡ ಎಳೆದಷ್ಟನ್ನೇ ಮೇಲಕ್ಕೆ ಕೊಡುವ ತೊಟ್ಟಿ ಮಾಡಿ, ಅದರ ಮಣ್ಣಿನಲ್ಲಿ ಎರೆಹುಳು ಸಾಕಿ ತರಕಾರಿ ಬೆಳೆಯುವ ವಿಧಾನ ಇಂಥ ಮನೆಗಳಿಗೆ ಚೆನ್ನಾಗಿ ಹೊಂದುತ್ತದೆ. ನೀರು ಮೇಲಿನಿಂದ ಆವಿಯಾಗಿ ಹೋಗುವುದು ಕಡಿಮೆ, ಗೊಬ್ಬರ ಹೊರಗಿನಿಂದ ತರುವುದು ಕಡಿಮೆ. ಆದರೆ ಹೆಚ್ಚು ಬಿಸಿಲಿಲ್ಲದ ಸೀಮೆಗಳಲ್ಲಿ ಮಾಡಿದಂತೆಯೇ ಇಲ್ಲಿಯೂ ಮಾಡಿದರೆ ಮೊದಲ ಬೇಸಿಗೆಯಲ್ಲೇ ಹುಳು ಸತ್ತು ತೊಟ್ಟಿ ನಾರುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಈ ತೊಟ್ಟಿ ಕಟ್ಟುವವರು ಮೊದಲು ಹುಳುವಿನ ಅನುಕೂಲ ನೋಡಬೇಕು. ಹುಳುವಿಗೆ ತಂಪು, ಗಾಳಿ, ಉಪ್ಪಿಲ್ಲದ ತೇವ ಸಿಕ್ಕರೆ ಗಿಡಕ್ಕೆ ಬೇರೆ ಉಪಚಾರ ಹೆಚ್ಚೇನೂ ಬೇಕಾಗುವುದಿಲ್ಲ.

ಬೇರಿನ ಹತ್ತಿರವೇ ನೀರು ಇಡುವ ಯೋಚನೆ ಹೊಸದಲ್ಲ. ಮಣ್ಣಿನ ಮಡಕೆ ಹೂತು ಸುತ್ತ ಬಳ್ಳಿ ನೆಡುವ ಪದ್ಧತಿ ಎರಡು ಸಾವಿರ ವರ್ಷಗಳ ಹಿಂದಿನ ಚೀನಾದ ಕೃಷಿ ಗ್ರಂಥದಲ್ಲಿಯೂ ಇದೆ. ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು 1970ರ ದಶಕದಲ್ಲಿ ಇದೇ ಮಡಕೆ ನೀರಾವರಿಯ ಪ್ರಯೋಗ ನಡೆಸಿದರು. ಎರೆಹುಳುವಿನ ವಿಷಯಕ್ಕೆ ಬಂದರೆ ನಮ್ಮ ರಾಜ್ಯವೇ ಮುಂದಿತ್ತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಡಿ. ಕಾಳೆ ಅವರು ಮಾಡಿದ ಕೆಲಸದಿಂದ ಎರೆಗೊಬ್ಬರ ಕರ್ನಾಟಕದ ರೈತರ ತಿಪ್ಪೆಯವರೆಗೂ ಬಂತು. ತೊಟ್ಟಿಯಲ್ಲಿ ಈ ಎರಡೂ ವಿದ್ಯೆ ಸೇರುತ್ತವೆ.

ತೊಟ್ಟಿ ಕಟ್ಟುವ ಬಗೆ

200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಕೊಯ್ದರೆ ಎರಡು ತೊಟ್ಟಿ ಸಿಗುತ್ತವೆ. ಒಂದೊಂದೂ ಸುಮಾರು 44 ಸೆಂ.ಮೀ. ಎತ್ತರ, 58 ಸೆಂ.ಮೀ. ಅಗಲ ಇರುತ್ತದೆ. ಕೀಟನಾಶಕ, ಆಮ್ಲ, ಬಣ್ಣ ತುಂಬಿದ್ದ ಡ್ರಮ್ಮು ಎಷ್ಟು ತೊಳೆದರೂ ಬೇಡ. ಅಡುಗೆ ಎಣ್ಣೆಯೋ ಹಣ್ಣಿನ ರಸವೋ ಬಂದಿದ್ದ ಡ್ರಮ್ಮನ್ನೇ ಕೇಳಿ ತನ್ನಿ. ಮೇಲಿನ ಅರ್ಧಕ್ಕೆ ಮುಚ್ಚಳದ ತೂತುಗಳಿದ್ದರೆ ಬಿರಡೆಯನ್ನು ಭದ್ರವಾಗಿ ತಿರುಗಿಸಿ, ಬುಡಮೇಲು ಮಾಡಿ ಬಳಸಬಹುದು. ಆ ಬಿರಡೆಯೇ ಮುಂದೆ ಉಪ್ಪು ತೊಳೆಯುವಾಗ ಉಪಯೋಗಕ್ಕೆ ಬರುತ್ತದೆ.

ತಳದಿಂದ 12 ಸೆಂ.ಮೀ. ನೀರಿನ ಜಾಗ. ಅಲ್ಲಿ ಬೋರಲು ಹಾಕಿದ ಮಣ್ಣಿನ ಕುಂಡ, ಕೊಳವೆಯ ತುಂಡು, ಒಡೆದ ಹೆಂಚು ಯಾವುದನ್ನಾದರೂ ಜೋಡಿಸಿ. ಬರೀ ಜಲ್ಲಿ ತುಂಬಿದರೆ ನೀರು ಹಿಡಿಯುವುದು ಅರ್ಧಕ್ಕಿಂತ ಕಡಿಮೆ. ಇವುಗಳ ನಡುವೆ ತೂತಿನ ಎರಡು ಸಣ್ಣ ಪ್ಲಾಸ್ಟಿಕ್ ಬುಟ್ಟಿಗಳನ್ನು ನೇರ ತಳದ ಮೇಲೆ ಕೂರಿಸಿ, ಮೇಲೆ ಹಾಕುವ ಮಣ್ಣಿನ ಮಿಶ್ರಣವನ್ನೇ ಒತ್ತಿ ತುಂಬಿ. ದೀಪದ ಬತ್ತಿ ಎಣ್ಣೆ ಎಳೆದಂತೆ ಈ ಬುಟ್ಟಿಯ ಮಣ್ಣು ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಬಟ್ಟೆಯ ಚೂರು ಬೇಕಾದಷ್ಟು ಸಿಗುತ್ತದೆಂದು ಅದನ್ನು ಬತ್ತಿಯಾಗಿ ಹಾಕಬೇಡಿ. ಬಣ್ಣ ಬಿಡುತ್ತದೆ, ಹತ್ತಿಯ ನೂಲು ನೀರಿನಲ್ಲಿ ಬೇಗ ಕೊಳೆಯುತ್ತದೆ.

ಬುಟ್ಟಿಗಳ ಬಾಯಿ ಬಿಟ್ಟು ಉಳಿದ ಜಾಗಕ್ಕೆ ನೆರಳು ಪರದೆಯನ್ನು ಎರಡು ಪದರ ಹಾಸಿ. ಒಂದು ಬದಿಯಲ್ಲಿ ಒಂದೂವರೆ ಇಂಚಿನ ಪಿವಿಸಿ ಕೊಳವೆಯನ್ನು ತಳದವರೆಗೆ ಇಳಿಸಿ. ಅದರ ಕೆಳತುದಿ ಓರೆಯಾಗಿ ಕೊಯ್ದಿರಬೇಕು, ಇಲ್ಲವಾದರೆ ತಳಕ್ಕೆ ಅಂಟಿ ನೀರು ಇಳಿಯುವುದಿಲ್ಲ. ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ಚೂರು ಕಟ್ಟಲೇಬೇಕು. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ.

ಹೆಚ್ಚು ಜನ ಮರೆಯುವುದು ಹೊರತೂತು. ತಳದಿಂದ ಸರಿಯಾಗಿ 10 ಸೆಂ.ಮೀ. ಎತ್ತರದಲ್ಲಿ ಡ್ರಮ್ಮಿನ ಬದಿಗೆ ಅರ್ಧ ಇಂಚಿನ ತೂತು ಕೊರೆಯಿರಿ. ಇದಕ್ಕೂ ಪರದೆ ಕಟ್ಟಿ. ನೀರು ಈ ಮಟ್ಟ ಮುಟ್ಟಿದ ಕೂಡಲೇ ಹೊರಗೆ ಹೋಗುತ್ತದೆ, ಮಣ್ಣಿಗೂ ನೀರಿಗೂ ನಡುವೆ ಎರಡು ಸೆಂ.ಮೀ. ಗಾಳಿ ಉಳಿಯುತ್ತದೆ. ಎರೆಹುಳು ಉಸಿರಾಡುವುದು ಚರ್ಮದಿಂದ. ಒದ್ದೆ ಚರ್ಮ ಬೇಕು, ಜೊತೆಗೆ ಗಾಳಿಯೂ ಬೇಕು. ಹೊರತೂತು ಇಲ್ಲದ ತೊಟ್ಟಿಯಲ್ಲಿ ಸೆಪ್ಟೆಂಬರಿನ ಒಂದು ಜೋರು ಮಳೆಗೆ ಮಣ್ಣು ಜೌಗಾಗಿ ಹುಳುಗಳೂ ಬೇರುಗಳೂ ಒಟ್ಟಿಗೆ ಸಾಯುತ್ತವೆ.

ಮಧ್ಯದಲ್ಲಿ ಹುಳುವಿನ ಕೊಳವೆ. ನಾಲ್ಕು ಇಂಚಿನ ಪಿವಿಸಿ ಕೊಳವೆಯ 35 ಸೆಂ.ಮೀ. ತುಂಡು ಸಾಕು. ಮಣ್ಣಿನೊಳಗೆ ಇರುವ ಭಾಗಕ್ಕೆಲ್ಲ ಕಿರುಬೆರಳು ಹೋಗುವಷ್ಟು ತೂತುಗಳಿರಲಿ. ಕೆಳತುದಿ ಪರದೆಗಿಂತ ನಾಲ್ಕೈದು ಸೆಂ.ಮೀ. ಮೇಲೆಯೇ ನಿಲ್ಲಬೇಕು, ನೀರು ಮುಟ್ಟಬಾರದು. ಮೇಲೆ ಮಣ್ಣಿನ ಮುಚ್ಚಳ. ಹುಳುವಿಗೆ ಹಾಕುವ ಮೇವೆಲ್ಲ ಈ ಕೊಳವೆಗೆ. ಹುಳು ಇಲ್ಲಿ ತಿಂದು ಸುತ್ತಲಿನ ಮಣ್ಣಿಗೆ ಹೋಗಿ ಹಿಕ್ಕೆ ಹಾಕುತ್ತದೆ, ಓಡಾಡಿದ ದಾರಿಯಲ್ಲಿ ಬೇರಿಗೆ ಗಾಳಿಯಾಡುತ್ತದೆ.

ಮಣ್ಣು ಯಾವುದು

ಎರೆಭೂಮಿಯ ಮಣ್ಣು ಹೊಲದಲ್ಲಿ ಬಂಗಾರ, ತೊಟ್ಟಿಯಲ್ಲಿ ಅಲ್ಲ. ನೆನೆದಾಗ ಉಬ್ಬಿ ಗಾಳಿ ಕಟ್ಟುತ್ತದೆ, ಒಣಗಿದಾಗ ಬಿರಿದು ಡ್ರಮ್ಮಿನ ಗೋಡೆ ಬಿಡುತ್ತದೆ. ಒಟ್ಟು ಮಿಶ್ರಣದಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚು ಸೇರಿಸಬೇಡಿ. ನಾನು ಹೇಳುವ ಪ್ರಮಾಣ ಹೀಗಿದೆ: ತೊಳೆದ ತೆಂಗಿನ ನಾರಿನ ಪುಡಿ ನಾಲ್ಕು ಬುಟ್ಟಿ, ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಮೂರು ಬುಟ್ಟಿ, ಕೆಂಪು ಮಣ್ಣು ಎರಡು ಬುಟ್ಟಿ, ಭತ್ತದ ಹೊಟ್ಟಿನ ಇದ್ದಿಲು ಒಂದು ಬುಟ್ಟಿ. ಹೊಟ್ಟಿಗೆ ಸಿರುಗುಪ್ಪದ ಅಕ್ಕಿ ಗಿರಣಿಗಳಿವೆ. ಆದರೆ ಗಿರಣಿಯ ಒಲೆಯಿಂದ ಬರುವ ಬಿಳಿಬೂದಿ ಬೇರೆ, ಅರೆಬೆಂದ ಕಪ್ಪು ಹೊಟ್ಟು ಬೇರೆ. ಬಿಳಿಬೂದಿ ಕ್ಷಾರ. ನಮ್ಮ ನೀರೇ ಗಡಸು, ಅದರ ಮೇಲೆ ಬೂದಿಯನ್ನೂ ಸುರಿದರೆ ಎಲೆ ಹಳದಿಯಾಗುತ್ತದೆ. ಕಪ್ಪು ಹೊಟ್ಟು ಮಾತ್ರ ಬಳಸಿ.

ಮಣ್ಣಿನ ಆಳ 28ರಿಂದ 30 ಸೆಂ.ಮೀ. ಸಾಕು. ಅದಕ್ಕಿಂತ ಎತ್ತರಕ್ಕೆ ತಳದ ನೀರು ಸರಿಯಾಗಿ ಏರುವುದಿಲ್ಲ. ತುಂಬಿದ ಮೇಲೆ ಮೊದಲ ಸಲ ಮೇಲಿನಿಂದಲೇ ನೀರು ಹಾಕಿ, ಹೊರತೂತಿನಿಂದ ಸುರಿಯುವವರೆಗೆ. ಒಣ ಮಣ್ಣು ತಾನಾಗಿ ನೀರು ಎಳೆಯುವುದಿಲ್ಲ. ಬೀಜ ಹಾಕಿದಾಗಲೂ ಸಸಿ ಬೇರು ಬಿಡುವವರೆಗೆ ಮೇಲಿನಿಂದಲೇ ಚಿಮುಕಿಸಬೇಕು. ಆಮೇಲೆ ಬದಿಯ ನೀರಿನ ಕೊಳವೆಗೆ ಹಾಕಿದರಾಯಿತು. ಒಂದು ಅರ್ಧ ಡ್ರಮ್ಮಿನ ತಳ ಸುಮಾರು 15 ಲೀಟರ್ ಹಿಡಿಯುತ್ತದೆ. ಚಳಿಗಾಲದಲ್ಲಿ ಸೊಪ್ಪಿಗೆ ಒಂದು ವಾರ ಬರುತ್ತದೆ. ಏಪ್ರಿಲ್‌ನಲ್ಲಿ ಕಾಯಿ ಹಿಡಿದ ಎರಡು ಟೊಮ್ಯಾಟೊ ಗಿಡಗಳಿದ್ದರೆ ಮೂರು-ನಾಲ್ಕು ದಿನ.

ಹುಳು ಮತ್ತು ಅದರ ಮೇವು

ಮಿಶ್ರಣ ಹಾಕಿ ಎರಡು-ಮೂರು ವಾರ ಬಿಟ್ಟು, ಒಳಗೆ ಕೈ ಹಾಕಿದರೆ ತಣ್ಣಗಿದ್ದಾಗ ಹುಳು ಬಿಡಿ. ಎರೆಗೊಬ್ಬರ ತೊಟ್ಟಿ ಇರುವ ರೈತರಿಂದ, ಗೊಬ್ಬರ ಸಮೇತ ಎರಡು ಹಿಡಿ ತಂದರೆ ಸಾಕು. ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಯಾರಲ್ಲಿ ಒಳ್ಳೆಯ ಹುಳು ಇದೆ ಎಂಬುದೂ ತಿಳಿಯುತ್ತದೆ. ಹೊಲದ ಆಳದಲ್ಲಿ ಸಿಗುವ ದೊಡ್ಡ ಹುಳು ತಂದು ಬಿಡಬೇಡಿ. ಅದು ಮಣ್ಣು ತಿನ್ನುವ ಜಾತಿ, ತೊಟ್ಟಿಯಲ್ಲಿ ನಿಲ್ಲುವುದಿಲ್ಲ. ಗೊಬ್ಬರ ಮಾಡುವ ಹುಳುಗಳು ಮೇಲ್ಪದರದಲ್ಲಿದ್ದು ಕೊಳೆತದ್ದನ್ನು ತಿನ್ನುತ್ತವೆ.

ಮೇವಾಗಿ 15-20 ದಿನ ಆರಿದ ಸಗಣಿ, ತರಕಾರಿ ಸಿಪ್ಪೆ, ನೆನೆಸಿ ಕೊಳೆಸಿದ ಭತ್ತದ ಹುಲ್ಲು ಕೊಡಬಹುದು. ಹಸಿ ಸಗಣಿ ಬಿಸಿಯಾಗುತ್ತದೆ, ಹುಳು ಉಳಿಯುವುದಿಲ್ಲ. ಮೆಣಸಿನಕಾಯಿ, ಹುಣಸೆ, ನಿಂಬೆ ಸಿಪ್ಪೆ, ಉಪ್ಪು-ಎಣ್ಣೆ ಬಿದ್ದ ಅಡುಗೆ ಬೇಡ. ವಾರಕ್ಕೆ ಒಂದು ಹಿಡಿಯಿಂದ ಶುರು ಮಾಡಿ, ಹಾಕಿದ್ದು ಕರಗಿದ ಮೇಲೆಯೇ ಮತ್ತೆ ಹಾಕಿ. ತಿನ್ನದೆ ಉಳಿದ ಮೇವು ಹುಳಿಯುತ್ತದೆ, ನೊಣ ಕರೆಯುತ್ತದೆ. ಯೂರಿಯಾ ಒಂದು ಚಿಟಿಕೆಯೂ ಬೀಳಬಾರದು. ತಾಮ್ರದ ಶಿಲೀಂಧ್ರನಾಶಕ, ಕಾರ್ಬೊಫ್ಯುರಾನ್ ಹರಳು ಹುಳುವಿಗೆ ನೇರ ವಿಷ. ಮೆಣಸಿನ ಹೊಲಕ್ಕೆ ಸಿಂಪಡಿಸಿ ಬಂದ ಪಂಪನ್ನು ತೊಟ್ಟಿಯ ಹತ್ತಿರ ತೊಳೆಯಲೂಬೇಡಿ. ಇರುವೆ, ಅದರಲ್ಲೂ ಕೆಂಜಿಗ ಹತ್ತಿದರೆ ತೊಟ್ಟಿಯನ್ನು ನಾಲ್ಕು ಕಲ್ಲಿನ ಮೇಲಿಟ್ಟು ಕಲ್ಲಿನ ಸುತ್ತ ಬೂದಿ ಹಾಕಿ.

ಸಗಣಿಯ ಮಾತು ಬಂದಾಗ ಸಂಗನಕಲ್ಲಿನ ಗುಡ್ಡಗಳನ್ನು ನೆನೆಯದೆ ಇರಲಾಗದು. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಇಲ್ಲಿ ಜನ ದನ ಸಾಕಿ ಬೇಸಾಯ ಮಾಡುತ್ತಿದ್ದರು. ಪುರಾತತ್ವಜ್ಞ ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿ ಇಲ್ಲಿ ಉತ್ಖನನ ಮಾಡಿದರು. ಆಮೇಲಿನ ಶೋಧಗಳಲ್ಲಿ ಹುರುಳಿ, ಹೆಸರು, ಕೊರಲೆಯ ಕರಕಲಾದ ಕಾಳು ಸಿಕ್ಕವು. ದಕ್ಷಿಣ ಭಾರತದ ಅತಿ ಹಳೆಯ ಬೇಸಾಯದ ಕುರುಹುಗಳಲ್ಲಿ ಇವೂ ಸೇರಿವೆ. ಕುಡತಿನಿಯಲ್ಲೂ ಈ ಭಾಗದ ಬೇರೆ ಕಡೆಗಳಲ್ಲೂ ಕಾಣುವ ಬೂದಿದಿಬ್ಬಗಳು ಆ ಕಾಲದಲ್ಲಿ ರಾಶಿ ಹಾಕಿ ಸುಟ್ಟ ದನದ ಸಗಣಿಯವು. ಅಷ್ಟು ದನ, ಅಷ್ಟು ಸಗಣಿ ಇದ್ದ ನೆಲದಲ್ಲಿ ಈಗ ಟ್ರ್ಯಾಕ್ಟರ್ ಬಂದು ಕೊಟ್ಟಿಗೆ ಖಾಲಿಯಾಗಿದೆ. ಇದ್ದ ಸ್ವಲ್ಪ ಸಗಣಿಯೂ ಕುಳ್ಳಾಗುತ್ತದೆ, ಭತ್ತದ ಹುಲ್ಲು, ಹತ್ತಿಕಟ್ಟಿಗೆ ಹೊಲದಲ್ಲೇ ಬೆಂಕಿಗೆ ಬೀಳುತ್ತವೆ. ಸುಟ್ಟ ಹುಲ್ಲಿನಲ್ಲಿದ್ದ ಸಾರಜನಕ ಹೊಗೆಯ ಜೊತೆ ಹೋಗುತ್ತದೆ, ಹುಳು ತಿಂದ ಹುಲ್ಲಿನದು ಮಣ್ಣಿನಲ್ಲಿ ಉಳಿಯುತ್ತದೆ. ಒಂದು ಎಮ್ಮೆ ಇರುವ ಮನೆಯವರೂ ಹತ್ತಾರು ತೊಟ್ಟಿ ಸಾಕಬಹುದು.

ಬಿಸಿಲು ಮತ್ತು ಉಪ್ಪು

ಮಣ್ಣಿನ ಬಿಸಿ 35 ಡಿಗ್ರಿ ದಾಟಿದರೆ ಗೊಬ್ಬರದ ಹುಳು ಬದುಕುವುದು ಕಷ್ಟ. ಮಧ್ಯಾಹ್ನ ಬರಿ ತಾರಸಿಯ ಮೇಲೆ, ನೀಲಿ ಅಥವಾ ಕಪ್ಪು ಡ್ರಮ್ಮಿನೊಳಗೆ ಮಣ್ಣು ಎಷ್ಟು ಕಾಯುತ್ತದೆ ಎಂದು ಕೈಯಿಟ್ಟು ನೋಡಿದವರಿಗೆ ಹೇಳಬೇಕಿಲ್ಲ. ತೊಟ್ಟಿಯನ್ನು ಮನೆಯ ಪೂರ್ವಕ್ಕೋ ಉತ್ತರಕ್ಕೋ ಇಡಿ, ಬೆಳಗಿನ ಬಿಸಿಲು ಸಾಕು. ಹೊರಮೈಗೆ ಸುಣ್ಣ ಬಳಿಯಿರಿ ಅಥವಾ ಒದ್ದೆ ಗೋಣಿಚೀಲ ಸುತ್ತಿ. ಫೆಬ್ರವರಿ ಕೊನೆಗೇ ಮೇಲೆ ಅರ್ಧ ಬಿಸಿಲು ತಡೆಯುವ ನೆರಳು ಪರದೆ ಕಟ್ಟಿ. ಮಣ್ಣಿನ ಮೇಲೆ ನಾಲ್ಕು ಬೆರಳು ದಪ್ಪ ಹುಲ್ಲಿನ ಹೊದಿಕೆ ವರ್ಷವಿಡೀ ಇರಲಿ. ತಳದ ನೀರು ಬೇಸಿಗೆಯಲ್ಲಿ ಎಂದೂ ಪೂರ್ತಿ ಇಂಗಬಾರದು. ಹುಳುವನ್ನು ತಂಪಾಗಿಡುವುದು ಆ ನೀರೇ.

ಉಪ್ಪಿನ ವಿಷಯ ಇನ್ನೂ ಮುಖ್ಯ, ಏಕೆಂದರೆ ಅದು ತಡವಾಗಿ ಗೊತ್ತಾಗುತ್ತದೆ. ಇಸಿ (ಉಪ್ಪಿನ ಅಂಶ ತೋರಿಸುವ ವಿದ್ಯುತ್ ವಾಹಕತೆ) 1.5 ಇರುವ ಕೊಳವೆಬಾವಿ ನೀರಿನಲ್ಲಿ ಲೀಟರಿಗೆ ಸುಮಾರು ಒಂದು ಗ್ರಾಂ ಲವಣ ಇರುತ್ತದೆ. ತಿಂಗಳಿಗೆ ನೂರು ಲೀಟರ್ ಹಾಕಿದರೆ ನೂರು ಗ್ರಾಂ ಲವಣ ಒಂದೇ ತೊಟ್ಟಿಗೆ ಸೇರಿತು. ಗಿಡ ನೀರು ಕುಡಿಯುತ್ತದೆ, ಉಪ್ಪಿನ ಬಹುಪಾಲು ಬಿಡುತ್ತದೆ. ನೀರು ಕೆಳಗಿನಿಂದ ಮೇಲಕ್ಕೇ ಹೋಗುವುದರಿಂದ ಉಪ್ಪು ಮೇಲ್ಪದರದಲ್ಲಿ ಬಿಳಿಯಾಗಿ ಕೂರುತ್ತದೆ. ಹುಳು ಇರುವುದೂ ಅಲ್ಲೇ. ಸಿರುಗುಪ್ಪ ಕಡೆ ಗದ್ದೆಗಳು ಚೌಳಾದದ್ದು ಹೇಗೆಂದು ಕಂಡ ರೈತರಿಗೆ ಇದು ಅರ್ಥವಾಗುತ್ತದೆ. ಮೊದಲು ನೀರು ಪರೀಕ್ಷೆ ಮಾಡಿಸಿ. ತಿಂಗಳಿಗೊಮ್ಮೆ, ತಳದಲ್ಲಿ ಬಿರಡೆ ಇದ್ದರೆ ಅದನ್ನು ತೆಗೆದು, ಮೇಲಿನಿಂದ ಮೂವತ್ತು-ನಲವತ್ತು ಲೀಟರ್ ನಿಧಾನ ಸುರಿದು ಉಪ್ಪು ಇಳಿಸಿ. ಇಳಿದ ನೀರನ್ನು ತೆಂಗಿನ ಮರಕ್ಕೆ ಬಿಡಿ. ಮಳೆಗಾಲದಲ್ಲಿ ಪರದೆ ಸರಿಸಿದರೆ ಈ ಕೆಲಸ ಮಳೆಯೇ ಮಾಡುತ್ತದೆ. ಸೂರಿನ ಮಳೆನೀರು ಹಿಡಿದಿಟ್ಟವರಿಗೆ ಅರ್ಧ ತೊಂದರೆ ತಪ್ಪಿತು.

ನೀರು ಸ್ವಲ್ಪ ಉಪ್ಪಾಗಿದ್ದರೆ ಬೀನ್ಸ್ ಹಾಕಬೇಡಿ, ಅದು ತಡೆಯದು. ಪಾಲಕ್, ಟೊಮ್ಯಾಟೊ ಕೊಂಚ ತಡೆಯುತ್ತವೆ. ಪುಂಡಿ, ರಾಜಗಿರಿ ಬಿಸಿಲಿಗೆ ಹೆದರುವುದಿಲ್ಲ. ಬದನೆ ತೊಟ್ಟಿಗೆ ಒಂದೇ ಗಿಡ. ಕರಿಬೇವು ಸದಾ ಒದ್ದೆ ಬೇರು ಸಹಿಸದು, ಅದು ನೆಲದಲ್ಲೇ ಇರಲಿ.

ಕುರುಗೋಡು ಕಡೆಯ ಮೆಣಸಿನಕಾಯಿ ಬೆಳೆಗಾರರು ಈ ತೊಟ್ಟಿಯನ್ನು ಸಸಿಮಡಿಯಾಗಿಯೂ ಬಳಸಬಹುದು. ಕಾಲುವೆ ನೀರು ಬರುವ ಮುನ್ನವೇ ತೊಟ್ಟಿಯಲ್ಲಿ ಬೀಜ ಹಾಕಿ, ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಮುಚ್ಚಿದರೆ, ಮುಟುರು ರೋಗ ತರುವ ಕೀಟಗಳಿಂದ ಎಳೆ ಸಸಿಗೆ ರಕ್ಷಣೆ ಸಿಗುತ್ತದೆ. ಎರೆಗೊಬ್ಬರದ ಮಣ್ಣಿನಲ್ಲಿ ಬೆಳೆದ ಸಸಿಯನ್ನು ಬೇರು ಹರಿಯದೆ ಎತ್ತಬಹುದು. ಹೊಲಕ್ಕೆಲ್ಲ ಸಾಲುವಷ್ಟಲ್ಲ, ಸತ್ತ ಸಸಿಯ ಜಾಗ ತುಂಬಲು ಸಾಕು. ಎಕರೆ ಲೆಕ್ಕದ ಬೇಸಾಯಕ್ಕೆ ಈ ವಿಧಾನ ಅಲ್ಲ. ಅಲ್ಲಿಗೆ ಬೇಕಾದದ್ದು ದೊಡ್ಡ ಎರೆಗೊಬ್ಬರ ತೊಟ್ಟಿ. ಆದರೆ ಹುಳು ಸಾಕಿ ಗೊತ್ತಿಲ್ಲದ ಮನೆಯವರು ಒಂದು ಡ್ರಮ್ಮಿನಲ್ಲಿ ಕಲಿತು ದೊಡ್ಡದಕ್ಕೆ ಹೋಗುವುದೇ ಮೇಲು.

ಈ ಲೇಖನ ಓದಿ ಮಾರ್ಚ್‌ನಲ್ಲಿ ತೊಟ್ಟಿ ಕಟ್ಟಲು ಹೊರಡಬೇಡಿ. ದೀಪಾವಳಿ ಕಳೆದ ಕೂಡಲೇ ಕಟ್ಟಿ, ಚಳಿಗಾಲದಲ್ಲಿ ಮೆಂತ್ಯ, ಪಾಲಕ್ ಬೆಳೆಯಿರಿ. ಹುಳು ಮರಿ ಮಾಡಿ ಹೆಚ್ಚಲು ಆ ನಾಲ್ಕು ತಂಪು ತಿಂಗಳು ಬೇಕು. ಯುಗಾದಿಯ ಹೊತ್ತಿಗೆ ಮಣ್ಣು ಕೆದಕಿದಲ್ಲೆಲ್ಲ ಹುಳು ಕಂಡರೆ, ಬೇಸಿಗೆಗೆ ಟೊಮ್ಯಾಟೊ, ಬದನೆ ಧೈರ್ಯವಾಗಿ ನೆಡಿ.